ಅಕ್ಕನ ಕಾಲು ನಿಲ್ಲದ ದಿನಗಳು

ಹೊಸ ಮಾತ್ರೆಯ ಸ್ಟ್ರಿಪ್ಪನ್ನು ಅಕ್ಕನ ಕೈಗೆ ಕೊಡುವಾಗಲೆಲ್ಲ ನನ್ನ ಕಣ್ಣು ಅವಳ ಕಾಲಿನ ಕಡೆಗೇ ಹೋಗುತ್ತದೆ. ತಲೆಯ ಕಾಯಿಲೆಗೆ ಈ ಮೇಷ್ಟ್ರು ಕಾಲನ್ನೇಕೆ ನೋಡುತ್ತಾರೆ ಎಂದು ನೀವು ನಗಬಹುದು. ನಗಿ, ನನಗೆ ಬೇಸರವಿಲ್ಲ. ಬೇಸರಪಡುವಷ್ಟು ಶಕ್ತಿಯೂ ಈಗ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ, ಹನೂರಿನ ನಮ್ಮ ಮನೆಯಲ್ಲಿ, ಗೋಡೆಯೊಳಗಿಂದ ಯಾರೋ ಬಯ್ಯುವ ದನಿ ಅಕ್ಕನಿಗೆ ಕೇಳತೊಡಗಿತು. ಅನ್ನಕ್ಕೆ ವಿಷ ಹಾಕಿದ್ದೀರಿ ಎಂದು ತಟ್ಟೆ ತಳ್ಳುತ್ತಿದ್ದಳು. ಕೊಳ್ಳೇಗಾಲದ ಡಾಕ್ಟರು ಮಾತ್ರೆ ಬರೆದು, "ಮಿದುಳಿನಲ್ಲಿ ಒಂದು ರಾಸಾಯನಿಕ ಅತಿಯಾಗಿ ಕೆಲಸ ಮಾಡ್ತಿದೆ, ಇದು ಅದಕ್ಕೆ ಅಡ್ಡ ನಿಲ್ಲುತ್ತೆ. ನಿಲ್ಲಬಾರದ ಕಡೆಯೂ ನಿಂತು ತೊಂದರೆ ಕೊಡಬಹುದು. ಹಾಗಾದ್ರೆ ಬಂದು ಹೇಳಿ" ಎಂದರು. ನಾನು ಮೊದಲರ್ಧಕ್ಕೇ ತಲೆಯಾಡಿಸಿ ಎದ್ದೆ. ಕ್ಲಾಸಿನಲ್ಲಿ ಹೀಗೆ ಮಾಡುವ ಮಕ್ಕಳ ಕಿವಿ ಹಿಂಡುವವನೂ ನಾನೇ.

ಕೆಲವೇ ವಾರಗಳಲ್ಲಿ ದನಿ ತಗ್ಗಿತು. ಅಕ್ಕ ಮುದ್ದೆ ಉಂಡಳು. ಮೈ ಭಾರವಾಯಿತು, ನಿದ್ದೆಯಲ್ಲಿ ಜೊಲ್ಲು ಸುರಿಯಿತು. ಆದರೂ ಸದ್ಯ ಬದುಕಿದೆವು ಎಂದುಕೊಂಡೆವು. ಅಷ್ಟರಲ್ಲಿ ಕಾಲು ಶುರುವಾಯಿತು. ಉಣ್ಣಲು ಕೂತವಳು ಎರಡು ತುತ್ತಿಗೇ ಎದ್ದು ಅಂಗಳದಿಂದ ಬೀದಿಯ ತುದಿಗೆ, ಬೀದಿಯ ತುದಿಯಿಂದ ಅಂಗಳಕ್ಕೆ ನಡೆಯುತ್ತಿದ್ದಳು.

ಪಕ್ಕದ ಮನೆಯ ಅಜ್ಜಿ, "ಇದು ಕಾಯ್ಲೆ ಅಲ್ಲ ಕಣಪ್ಪ. ನಡ್ಕಂಡು ಬಾ ಅಂತ ಮಾದಪ್ಪ ಕರೀತಾವ್ನೆ" ಅಂದರು. ವಿಜ್ಞಾನ ಪಾಠ ಮಾಡುವ ನಾನು ಒಪ್ಪಿಬಿಟ್ಟೆ. ದಣಿದ ಮನೆಗೆ ಯಾರು ದಾರಿ ತೋರಿಸಿದರೂ ಸರಿಯೇ. ನೆಂಟರ ಜೊತೆ ಮಾದಪ್ಪನಿರುವ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೊರಟೆವು. ದಾರಿಯಲ್ಲಿ ಮಜ್ಜಿಗೆ ಕೊಟ್ಟವರೆಲ್ಲ ಅವಳ ಭಕ್ತಿಯನ್ನು ಹೊಗಳಿದರು. ನಾನೂ ಸ್ವಲ್ಪ ಬೀಗಿದೆ.

ಎರಡನೆಯ ದಿನ ಬೆಟ್ಟದ ಬುಡದ ತಾಳುಬೆಟ್ಟದಲ್ಲಿ ಎಲ್ಲರೂ ಕಾಲು ನೀವಿಕೊಳ್ಳುತ್ತ ಕೂತೆವು. ಅಕ್ಕ ಮಾತ್ರ ನಮ್ಮ ಸುತ್ತಲೇ ಸುತ್ತುತ್ತಿದ್ದಳು. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು.

"ವಸಿ ಕುಂತ್ಕೊ ಅಕ್ಕ."

"ಕುಂತ್ಕಳಕ್ಕೆ ಬುಟ್ರೆ ತಾನೆ? ಒಳಗಿಂದ ನೂಕ್ತದೆ ಕಣ್ಲಾ. ಈ ಮಾತ್ರೆ ತಕಂಡಾಗಿಂದ್ಲೂ ಇಂಗೇಯ. ಮೂರ್ ಸಲ ಯೋಳ್ದೆ, ನೀ ಕೇಳ್ದಾ? ಗೋಡೆ ಬೈದ್ರೂ ಬೈಲಿ, ನಾಳಿಂದ ನಾ ಮಾತ್ರೆ ಮುಟ್ಟಲ್ಲ."

ಹೇಳಿದ್ದಳು, ನಿಜ. ಗೋಡೆ ಬಯ್ಯುತ್ತದೆ ಎಂಬ ಮಾತಿನ ಜೊತೆಗೇ ಅದನ್ನೂ ಸೇರಿಸಿ ನಾನು ತಳ್ಳಿಹಾಕಿದ್ದೆ. ನಾಚಿಕೆಯಾಯಿತು, ಭಯವೂ ಆಯಿತು. ಮಾತ್ರೆ ಬಿಟ್ಟರೆ ಮತ್ತೆ ತಟ್ಟೆ ತಳ್ಳುವ ದಿನಗಳೇ. ಬೆಟ್ಟ ಹತ್ತದೆ ಕೊಳ್ಳೇಗಾಲದ ಬಸ್ಸು ಹಿಡಿದೆವು. ಸೀಟು ಖಾಲಿಯಿದ್ದರೂ ಅವಳು ನಿಂತೇ ಬಂದಳು. ಡಾಕ್ಟರು ಇದು ಮಾತ್ರೆಯದೇ ಕಾಟ ಎಂದು ಬೇರೆಯದನ್ನು ಬರೆದರು. ಕೆಲವು ದಿನಗಳಲ್ಲಿ ಅಕ್ಕ ಕೂತು ಉಂಡಳು.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಬಾಯಿ ಒಣಗುತ್ತದೆ, ಬೆರಳು ನಡುಗುತ್ತವೆ, ವರ್ಷಕ್ಕೊಮ್ಮೆ ರವಿಕೆ ಬಿಗಿಯಾಗುತ್ತದೆ. ಅರ್ಧ ದಾರಿ ನಡೆದದ್ದಕ್ಕೇ ಮಾದಪ್ಪ ಒಲಿದ ಎಂದು ಅಜ್ಜಿ ಇಂದಿಗೂ ಹೇಳುತ್ತಾರೆ. ತಿದ್ದಿ ತಿದ್ದಿ ನನಗೂ ಸಾಕಾಗಿದೆ.

ಮೊನ್ನೆ ಡಾಕ್ಟರು ಎಂದಿನಂತೆ ನನ್ನನ್ನೇ, "ಹೇಗಿದ್ದಾರೆ?" ಅಂದರು. "ಅವಳನ್ನೇ ಕೇಳಿ ಸಾರ್" ಎಂದು ಕುರ್ಚಿ ಹಿಂದಕ್ಕೆ ಎಳೆದುಕೊಂಡೆ. ಅಕ್ಕ ಡಾಕ್ಟರ ಕಡೆಗೆ ತಿರುಗಿದಳು.

"ದನಿ ಇನ್ನೂ ಅದೆ ಸಾ, ಮೆಲ್ಲಗೆ. ಇವನ್ಗೆ ಯೋಳಿಲ್ಲ. ಯೋಳಿದ್ರೆ ನನ್ನ ಬಾಕಿ ಮಾತ್ನೂ ನಂಬಲ್ಲ ಇವ್ನು."

ನಾನು ಪಕ್ಕದಲ್ಲೇ ಕೂತಿದ್ದೆ.