ಅಪ್ಪ ಕೂರದ ಕೆಂಪು ಕಾರು

ನನ್ನ ತಮ್ಮನ ಕೆಂಪು ಕಾರಿನಲ್ಲಿ ನಮ್ಮೂರು ದೋರನಹಳ್ಳಿಯ ಅರ್ಧ ಜನ ಒಂದೊಂದು ಸುತ್ತು ಹೋಗಿ ಬಂದಿದ್ದರು. ಅಪ್ಪ ಮಾತ್ರ ಕೂತಿರಲಿಲ್ಲ. ತಮ್ಮನಿಗೆ ಬೇಕಿದ್ದದ್ದು ಅಪ್ಪ ಒಬ್ಬನೇ. ಎರಡು ವರ್ಷ ಕರೆದ, ಎರಡು ವರ್ಷ ಅಪ್ಪ ಬಸ್ಸಿಗೇ ಕೈ ಮಾಡಿದ.

ಆ ಕಾರು ನಮ್ಮ ಕಡೆಯ ರಸ್ತೆಗೆ ಹೇಳಿ ಮಾಡಿಸಿದ್ದೇನಲ್ಲ. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡ ಮೈ. ಪ್ರತಿ ಸ್ಪೀಡ್ ಬ್ರೇಕರ್ ಮೇಲೂ ಕೆರೆದುಕೊಂಡೇ ದಾಟುತ್ತದೆ. ಹಿಂದಿನ ಸೀಟು ಅನ್ನುವುದು ಬರೀ ಹೆಸರಿಗೆ. ಅಲ್ಲಿ ಕೂತರೆ ನನ್ನ ಮೊಣಕಾಲು ಗದ್ದಕ್ಕೆ ಬರುತ್ತದೆ. ಹೈದರಾಬಾದಿನಲ್ಲಿ ಯಾರೋ ಗುದ್ದಿ ಮೂಲೆಗೆ ತಳ್ಳಿದ್ದನ್ನು ತಮ್ಮ ಲಾರಿಯ ಮೇಲೆ ಹೇರಿಸಿಕೊಂಡು ಬಂದು, ಶಹಾಪುರದ ತನ್ನ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಕೂತು ನೆಟ್ಟಗೆ ಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ಮನೆಯಲ್ಲಿ ಮಾತು ಬೆಳೆಯುತ್ತಿರಲಿಲ್ಲ. ಅದಕ್ಕೊಂದು ಸೂಪರ್‌ಚಾರ್ಜರ್ ಕಿಟ್ ತರಿಸಿ ಕೂಡಿಸಿದ.

ನಾನು ಶಹಾಪುರದ ಶಾಲೆಯಲ್ಲಿ ಕನ್ನಡ ಕಲಿಸುವವಳು, ಇಂಜಿನ್ನಿನ ಗಂಧ ಗಾಳಿ ಗೊತ್ತಿಲ್ಲ. ತಮ್ಮ ನನಗೆ ಹೇಳಿದ್ದು ಇಷ್ಟು: ಕಮ್ಮಾರ ತಿದಿ ಒತ್ತಿದರೆ ಒಲೆಯ ಬೆಂಕಿ ಏಳುವಂತೆ, ಈ ಯಂತ್ರ ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ಕಾರು ನೆಗೆಯುತ್ತದೆ. ಅದನ್ನು ತಿರುಗಿಸುವುದು ಇಂಜಿನ್ನಿಗೇ ಕಟ್ಟಿದ ಒಂದು ರಬ್ಬರ್ ಪಟ್ಟಾ.

ಪಟ್ಟಾ ಎಂಬ ಮಾತು ಬಂದದ್ದೇ ತಡ, ಅಪ್ಪ ಎದ್ದು ಕೂತಿದ್ದ.

"ಕಂಪನಿಯವ್ರು ಹಾಕದ ಸಾಮಾನು ಯಾಕ ಹಾಕ್ತಿ? ಅವರಿಗೆ ಗೊತ್ತಿಲ್ಲದ್ದು ನಿನಗ ಗೊತ್ತದ ಏನು?"

"ಕಿಟ್ ತಾನಾಗೇ ಕೆಡಂಗಿಲ್ಲಪ್ಪಾ. ಆಸೆಬುರುಕರು ಗಾಳಿ ಜಾಸ್ತಿ ತುಂಬಿಸಿ ಇಂಜಿನ್ ಒಡಕೊಳ್ತಾರ. ನಾ ಹಂಗ ಮಾಡಿಲ್ಲ."

ಅವನು ಹಾಗೆ ಮಾಡಿರಲಿಲ್ಲ, ಅದು ನಿಜ. ಕಿಟ್ಟಿನ ಜೊತೆ ಬಂದ, ಪಟ್ಟಾ ಸುತ್ತುವ ಸಣ್ಣ ಗಾಲಿ ಹಾಕಿದ್ದರೆ ಕಾರು ಇನ್ನೂ ಜೋರು ಹೋಗುತ್ತಿತ್ತಂತೆ. ಅದನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ಪ್ರತಿ ಭಾನುವಾರ ಗಾಳಿ ಸೋಸುವ ಫಿಲ್ಟರ್ ಬಿಚ್ಚಿ, ಎರೆಮಣ್ಣಿನ ದೂಳನ್ನೂ ಹತ್ತಿಯ ಎಳೆಗಳನ್ನೂ ಝಾಡಿಸುತ್ತಿದ್ದ. ಬೇಸಿಗೆಯ ನಡು ಮಧ್ಯಾಹ್ನ, ನಾಯಿಯೂ ನೆರಳು ಬಿಟ್ಟು ಬರದ ಹೊತ್ತಿನಲ್ಲಿ, ಸುರಪುರದ ಏರು ಹತ್ತಿ ಇಳಿದು ಬಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಒಂದೊಂದೇ ಪೈಪು ಮುಟ್ಟಿ ನೋಡುತ್ತಿದ್ದ. ಇಷ್ಟೆಲ್ಲ ಯಾರಿಗಾಗಿ ಎಂದು ನಾನು ಕೇಳಬೇಕಾಗಿರಲಿಲ್ಲ. ಮನೆಯ ಹಿಟ್ಟಿನ ಗಿರಣಿ ಬಿಟ್ಟು ಗ್ಯಾರೇಜಿನ ಪಾನಾ ಹಿಡಿದ ಮಗನ ಕೈಗೆಲಸದ ಮೇಲೆ ಅಪ್ಪ ಒಮ್ಮೆ ಮೈಭಾರ ಹಾಕಿ ಕೂರಬೇಕಿತ್ತು, ಅಷ್ಟೇ.

ಅಪ್ಪನದೂ ಬರೀ ಹಟವಲ್ಲ. ಅವನ ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿವೆ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಹಿಟ್ಟಿನ ಗಿರಣಿಯ ಪಟ್ಟಾ ಜಾರಿತು. ಮೋಟಾರು ನಿಲ್ಲಿಸದೆ ಅದನ್ನು ಸರಿಸಲು ಹೋದ. ಅಂದು ಬೀಸಿದ ಜೋಳದ ಹಿಟ್ಟನ್ನು ಅವ್ವ ದನಕ್ಕೂ ಹಾಕಲಿಲ್ಲ. ಅಂದಿನಿಂದ ಇವತ್ತಿನವರೆಗೆ ಅಪ್ಪ ಪಟ್ಟಾಕ್ಕೆ ರಾಳ ಹಚ್ಚದೆ ಗಿರಣಿಯಲ್ಲಿ ಕಾಳು ಸುರಿದವನಲ್ಲ. ರಾಳವೆಂದರೆ ಮರದ ಅಂಟು ಗಟ್ಟಿಯಾಗಿ ಆದ ಬೆಲ್ಲದ ಬಣ್ಣದ ಗಡ್ಡೆ. ಓಡುವ ಪಟ್ಟಾಕ್ಕೆ ಒತ್ತಿ ಹಿಡಿದರೆ ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ಪಟ್ಟಾ ಗಾಲಿಯನ್ನು ಬಿಡುವುದಿಲ್ಲ. ಆ ವಾಸನೆ ನಮ್ಮ ಮನೆಯ ಚಾದರಗಳಿಗೂ ಹತ್ತಿದೆ.

ಕೊನೆಗೆ ಒಂದು ಅಮಾವಾಸ್ಯೆಯ ಹಿಂದಿನ ದಿನ, ಯಾಕೋ ಏನೋ, ಅಪ್ಪ ಊಟದ ತಾಟಿನ ಮುಂದೆ ಕೂತು ಹೇಳಿದ: "ನಾಳಿ ಅಬ್ಬೆತುಮಕೂರಿನ ಮಠಕ್ಕ ನಿನ್ನ ಗಾಡಿ ಮ್ಯಾಲೆ ಹೋಗೂಣು."

ತಮ್ಮ ರೊಟ್ಟಿ ಮುರಿಯುವುದನ್ನೇ ಮರೆತ. ಅಂದು ಸಂಜೆ ಕಾರನ್ನು ಮೂರು ಸಲ ತೊಳೆದ. ನನಗೆ ನಗು, ಅದರ ಹಿಂದೆಯೇ ಅಳು.

ಬೆಳಿಗ್ಗೆ ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಬುತ್ತಿ ಕಟ್ಟುತ್ತಿದ್ದೆ. ಅಂಗಳದಲ್ಲಿ ಬಾನೆಟ್ ತೆರೆದಿತ್ತು, ಇಂಜಿನ್ ಓಡುತ್ತಿತ್ತು, ಪಟ್ಟಾ ಒಮ್ಮೆ ಚೀಂವ್ ಎಂದಿತು.

"ಜಾರಾಕತ್ತದ," ಅಂದ ಅಪ್ಪ.

"ತಣ್ಣಗಿದ್ದಾಗ ಅಷ್ಟು ಒದರ್ತದಪ್ಪಾ. ಬಿಸಿ ಆದ ಮ್ಯಾಲೆ ಸುಮ್ಮನಾಗ್ತದ."

"ಆತು. ಒಳಗ ಹೋಗಿ ತೆಂಗಿನಕಾಯಿ ತೊಗೊಂಡು ಬಾ. ಪೂಜಿ ಮಾಡ್ತೀನಿ. ಚಾಲೂನೇ ಇರಲಿ."

ತಮ್ಮ ಒಳಗೆ ಬಂದ. ಅಪ್ಪ ಆಚೆ ಈಚೆ ನೋಡಿ, ಅಂಗಿಯ ಬಗಲ ಕಿಸೆಯಿಂದ ರಾಳದ ಗಡ್ಡೆ ತೆಗೆದು, ಓಡುವ ಪಟ್ಟಾಕ್ಕೆ ಒತ್ತಿ ಹಿಡಿದ. ಅದೇ ಎಡಗೈ. ಕೂಗಿದರೆ ಕೈ ಅಲುಗೀತು ಎಂದು ಉಸಿರು ಬಿಗಿಹಿಡಿದೆ. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ ಮೇಲೆ ನನಗೆ ಅನ್ನಿಸಿದ್ದೇನು ಗೊತ್ತೇ? ಒಳ್ಳೇದಾಯಿತು, ಇನ್ನು ಜಾರುವುದಿಲ್ಲ ಅಂತ. ನಾನೂ ಗಿರಣಿಯ ಮಗಳೇ. ಹಾಗಾಗಿ ತಮ್ಮನಿಗೆ ಹೇಳಲಿಲ್ಲ. ಈ ಕಥೆಯಲ್ಲಿ ನನ್ನ ಪಾಲೂ ಇದೆ.

ಅಪ್ಪ ಮುಂದೆ ಕೂತ, ನಾನು ಹಿಂದೆ ಮಡಚಿಕೊಂಡೆ. ಹೊಲಗಳ ನಡುವಿನ ನೇರ ರಸ್ತೆಗೆ ಬಂದಾಗ ತಮ್ಮ ಸ್ವಲ್ಪ ಒತ್ತಿದ. ಅಪ್ಪನ ಟೋಪಿ ಹಿಂದಕ್ಕೆ ಸರಿದು ನನ್ನ ಮಡಿಲಿಗೆ ಬಿತ್ತು. ಅಪ್ಪ ನಕ್ಕ. ಸಣ್ಣ ಹುಡುಗನ ಹಾಗೆ ಬಾಯಿ ಬಿಟ್ಟು ನಕ್ಕ. "ಇನ್ನೊಂದು ಸ್ವಲ್ಪ ಬಿಡು," ಅಂದ. ಕನ್ನಡಿಯಲ್ಲಿ ತಮ್ಮನ ಮುಖ ನೋಡಿದೆ. ಎರಡು ವರ್ಷದ ದಣಿವೆಲ್ಲ ಇಳಿದುಹೋಗಿತ್ತು.

ಭೀಮಾ ನದಿಯ ಸೇತುವೆಗೆ ಮೊದಲು ರಸ್ತೆ ಅಗೆದು ಮಣ್ಣು ಸುರಿದಿದ್ದರು. ಆ ದೂಳಿನಲ್ಲಿ ಒಂದು ಫರ್ಲಾಂಗು ಹೋದೆವು. ಸೇತುವೆ ದಾಟಿದ ಕೂಡಲೇ ಬಾನೆಟ್ಟಿನ ಕೆಳಗಿಂದ ಕಿರುಚಾಟ ಎದ್ದಿತು, ಆಮೇಲೆ ಪಟಪಟ ಬಡಿತ, ಆಮೇಲೆ ಹೊಗೆ. ತಮ್ಮ ಕಾರನ್ನು ಬದಿಗೆ ತಂದು ನಿಲ್ಲಿಸಿದ.

ಮೂವರೂ ಇಳಿದೆವು. ಬಾನೆಟ್ ಎತ್ತಿದಾಗ ಸುಟ್ಟ ರಬ್ಬರಿನ ವಾಸನೆ, ಅದರೊಳಗೆ ನಮ್ಮ ಗಿರಣಿಯ ವಾಸನೆ. ಪಟ್ಟಾದ ಮೈತುಂಬ ಅಂಟು, ಅಂಟಿನ ತುಂಬ ಮಣ್ಣು; ಅಂಚು ಚಿಂದಿಯಾಗಿತ್ತು. ತಮ್ಮ ಒಂದು ಎಳೆ ಕಿತ್ತು ಮೂಗಿನ ಹತ್ತಿರ ಹಿಡಿದ. ತಲೆ ಎತ್ತಿ ಅಪ್ಪನನ್ನು ನೋಡಿದ. ಅಪ್ಪ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಹೇಳಿಬಿಟ್ಟ:

"ನೀ ಹೇಳಿದ್ದೇ ಖರೆ ಆತು ನೋಡಪ್ಪಾ. ಕಿಟ್ ಕೈ ಕೊಟ್ತು."

ತಮ್ಮ ಚಾಕುವಿನಿಂದ ಪಟ್ಟಾ ಕತ್ತರಿಸಿ ತೆಗೆದ. ಕಾರು ಸೂಪರ್‌ಚಾರ್ಜರ್ ಇಲ್ಲದೆ ಏದುಸಿರು ಬಿಡುತ್ತ ಯಾದಗಿರಿ ದಾಟಿ, ಅಬ್ಬೆತುಮಕೂರಿನ ಮಠಕ್ಕೆ ನಮ್ಮನ್ನು ಮುಟ್ಟಿಸಿತು. ಮಠದ ಮೆಟ್ಟಿಲ ಮೇಲೆ ಅಪ್ಪ ದೂರವಾದ ಮೇಲೆ ನಾನು ತಮ್ಮನನ್ನು ತರಾಟೆಗೆ ತೆಗೆದುಕೊಂಡೆ.

"ರಾಳ ಅಂತ ಗೊತ್ತಾತಲ್ಲ ನಿನಗ? ಖರೆ ಯಾಕ ಹೇಳಲಿಲ್ಲ?"

"ಗಿರಣಿ ಪಟ್ಟಾಕ್ಕ ಅಂಟು ಬೇಕಕ್ಕಾ. ಇದಕ್ಕ ಗೆರಿ ಅವ, ಗೆರಿಯೊಳಗ ಅಂಟು ಕೂತ್ರ ದೂಳು ಹಿಡಿದು ಹರೀತದ. ಅಪ್ಪಗ ಅದು ಹೆಂಗ ಗೊತ್ತಾಗಬೇಕು?" ಮೇಲೆ ಹತ್ತುತ್ತಿದ್ದ ಅಪ್ಪನ ಕಡೆ ನೋಡಿದ. "ಆ ಕೈ ತೊಗೊಂಡು ಓಡೋ ಪಟ್ಟಾಕ್ಕ ಹಚ್ಯಾನಲ್ಲಕ್ಕಾ. ನನ್ನ ಸಲುವಾಗಿ. ಅದಕ್ಕ ತಪ್ಪಂತ ಹೆಂಗ ಹೇಳಲಿ?"

ಅಷ್ಟಕ್ಕೆ ಮುಗಿಯಲಿಲ್ಲ. ಊರಲ್ಲಿ ಕೇಳಿದವರಿಗೆಲ್ಲ ಅಪ್ಪ "ಹೊರಗಿನ ಕಿಟ್ ನಂಬಂಗಿಲ್ಲ" ಎಂದೇ ಹೇಳುತ್ತ ಬಂದ. ತಮ್ಮ ಪಕ್ಕದಲ್ಲೇ ನಿಂತು ಹೌದು ಹೌದೆಂದು ತಲೆಯಾಡಿಸಿದ. ನನಗೆ ಇಬ್ಬರ ಮೇಲೂ ಮೈ ಉರಿಯುತ್ತಿತ್ತು. ಮಾತು ಸುರಪುರಕ್ಕೂ ಹೋಯಿತು. ಅಲ್ಲಿನ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಕಾರಿಗೂ ಇಂಥದೇ ಕಿಟ್ ಹಾಕಿಸಲು ತಮ್ಮನಿಗೆ ಹೇಳಿದ್ದ. ಅದು ತಮ್ಮನ ಕೈಗೆ ಬಂದ ಮೊದಲ ದೊಡ್ಡ ಕೆಲಸ. ಆತ ಒಂದು ಶನಿವಾರ ಗ್ಯಾರೇಜಿಗೆ ಬಂದು, ಬ್ಯಾಡ್ರಿ, ನಿಮ್ಮ ಗಾಡೀನೇ ದಾರ್ಯಾಗ ನಿಂತದಂತ, ಎಂದ. ತಮ್ಮ ಆಗಲಿ ಎಂದು ಕೆಂಪು ಕಾರಿಗೆ ಹೊಸ ಪಟ್ಟಾ ಬಿಗಿಯುವುದನ್ನು ಮುಂದುವರಿಸಿದ.

ಶಾಲೆ ಬಿಟ್ಟು ಅದೇ ತಾನೇ ಅಲ್ಲಿಗೆ ಬಂದಿದ್ದ ನನಗೆ ತಡೆಯಲಾಗಲಿಲ್ಲ, ಹೇಳಿಯೇಬಿಡೋಣ ಎಂದು ಮುಂದೆ ಬಂದೆ. ಆಗ ಬೆನ್ನ ಹಿಂದೆ ಅಪ್ಪನ ದನಿ. ವ್ಯಾಪಾರಿ ಹಿಂದೆ ಸರಿಯುತ್ತಾನೆಂಬ ಸುದ್ದಿ ಕೇಳಿ ದೋರನಹಳ್ಳಿಯಿಂದ ಬಸ್ಸಿಗೆ ಬಂದಿದ್ದ. ಗ್ಯಾರೇಜಿಗೆ ಅವನು ಕಾಲಿಟ್ಟದ್ದು ಅದೇ ಮೊದಲು.

"ಕಿಟ್ಟಿನ ತಪ್ಪಿಲ್ರಿ," ಅಂದ ವ್ಯಾಪಾರಿಗೆ. "ಪಟ್ಟಾಕ್ಕ ನಾ ರಾಳ ಹಚ್ಚಿದ್ದೆ. ಗಿರಣಿಯವನ ಬುದ್ಧಿ. ಇವಗ ಅವತ್ತೇ ಗೊತ್ತಾಗ್ಯದ, ನನ್ನ ಮಾನ ಕಾಯಾಕ ಸುಮ್ಮನಾಗ್ಯಾನ."

ತಮ್ಮನ ಕೈ ನಿಂತಿತು. "ನಿನಗ ಗೊತ್ತಿತ್ತಾ ಅಪ್ಪಾ?"

"ನಲವತ್ತು ವರ್ಷ ಮೂಸಿದ ವಾಸನಿ ನನಗ ಗೊತ್ತಾಗಂಗಿಲ್ಲೇನೋ? ನೀ ನನ್ನ ಸಲುವಾಗಿ ಸುಳ್ಳು ಹೇಳಿದಿ, ಆ ಸುಳ್ಳು ಸುಳ್ಳಂತ ಆಗಬಾರದಂತ ನಾನೂ ಊರತುಂಬ ಅದನ್ನೇ ಹೇಳಿಕೋತ ತಿರುಗಿದೆ. ಅದು ನಿನ್ನ ಕೆಲಸಕ್ಕ ಕುತ್ತಾಗ್ತದ ಅಂತ ಹೊಳೀಲಿಲ್ಲ ನನಗ."

ವ್ಯಾಪಾರಿ ಕೆಮ್ಮಿ, ಮುಂದಿನ ವಾರ ಕಾರು ತಂದು ಬಿಡುತ್ತೇನೆಂದು ಹೇಳಿ ಹೋದ. ತಮ್ಮ ಪಟ್ಟಾ ಬಿಗಿದು ಬಾನೆಟ್ ಮುಚ್ಚುತ್ತಲೇ ಅಪ್ಪ ಯಾರೂ ಕರೆಯದೆಯೇ ಕೆಂಪು ಕಾರಿನ ಬಾಗಿಲು ತೆರೆದು ಕೂತ. "ನಡಿ, ಮನಿಗೆ ಬಿಡು," ಅಂದ. ನಾನೂ ಹಿಂದೆ ತೂರಿಕೊಂಡೆ.

ಶಹಾಪುರ ದಾಟಿ ನೇರ ರಸ್ತೆ ಬಂದರೂ ಕಾರು ತೆವಳುತ್ತಲೇ ಇತ್ತು. ಎತ್ತಿನ ಗಾಡಿಯೊಂದು ನಮ್ಮ ಪಕ್ಕಕ್ಕೇ ಬಂತು.

"ಇಷ್ಟು ಮೆತ್ತಗ ಹೋಗಾಕ ಕಿಟ್ ಯಾಕ ಬೇಕಿತ್ತೋ?" ಅಪ್ಪ ಕೇಳಿದ. "ಒತ್ತು."

ತಮ್ಮ ಒತ್ತಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಕಣ್ಣೀರು ಒರೆಸಿಕೊಳ್ಳುತ್ತಿದ್ದ ಅವನಿಗೆ ರಸ್ತೆ ಕಾಣುತ್ತಿರಲಿಲ್ಲ.