ಅಳಿಯನಿಗೊಂದು ಹೇಂಟೆ

ಜೊಲ್ಲಾ ಸೀಮೆಯ ಪಿಲ್ಯೆಗೆ ಮೂರು ಹೇಂಟೆಗಳಿದ್ದವು, ಒಬ್ಬಳು ಮಗಳಿದ್ದಳು, ಊರಿಗೆಲ್ಲ ಹಂಚಿದರೂ ಮಿಗುವಷ್ಟು ಬಾಯಿತ್ತು. ಗಂಡ ಸತ್ತ ಮೇಲೆ ಆ ಬಾಯಿಯೇ ಮನೆಗೆ ಬೇಲಿಯಾಯಿತು ಅನ್ನಿ. ಮೊಟ್ಟೆಗಳನ್ನು ಹತ್ತತ್ತರಂತೆ ಭತ್ತದ ಹುಲ್ಲಿನಲ್ಲಿ ಸುತ್ತಿ ಸಂತೆಗೆ ಒಯ್ಯುತ್ತಿದ್ದಳು. ಮಗಳು ಯೋನ್‌ಸಿಮ್‌ಳನ್ನು ಓದಿಸಿದ್ದು ಹಾಗೆ.

ಮೂರರಲ್ಲಿ ಕೆಂಪು ಹೇಂಟೆ ಮುದಿ. ಪ್ರಾಯದಲ್ಲಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು. ಮೊಟ್ಟೆ ಅಪರೂಪವಾದಷ್ಟೂ ದಪ್ಪವಾಗುತ್ತ ಹೋಯಿತು. ಹುಲ್ಲಿನ ಕಟ್ಟಿನಲ್ಲಿ ಕೂರದು, ಚಿಪ್ಪು ತೆಳು, ಸಂತೆ ಮುಟ್ಟುವುದರೊಳಗೆ ಬಿರುಕು. ಈ ಸಲ ಚಳಿಗೆ ಮುಂಚೆ ಗರಿ ಉದುರಿಸಿಕೊಂಡು ಕೂತದ್ದು, ಮೊಟ್ಟೆಯಿಡುವ ಬುಟ್ಟಿಯ ಕಡೆ ತಿರುಗಿಯೂ ನೋಡಿರಲಿಲ್ಲ. ತಿನ್ನುವುದಕ್ಕೆ ಮಾತ್ರ ಎಲ್ಲರಿಗಿಂತ ಮುಂದೆ.

ಅಂಥ ಹೊತ್ತಿನಲ್ಲೇ ಯೋನ್‌ಸಿಮ್, ಗಂಡನ ಜೊತೆ ಬರುತ್ತೇನೆಂದು ಹೇಳಿ ಕಳಿಸಿದಳು. ಮದುವೆಯಾದ ಮೇಲೆ ಮೊದಲ ಸಲ. ಆ ಸೀಮೆಯ ವಾಡಿಕೆಯಂತೆ, ಅಳಿಯ ಹೊಸಿಲು ತುಳಿದರೆ ಅತ್ತೆಯಾದವಳು ಮೊಟ್ಟೆಯಿಡುವ ಹೇಂಟೆಯನ್ನೇ ಕೊಯ್ಯಬೇಕು. ಹುಂಜವಲ್ಲ, ಮರಿಯಲ್ಲ, ನಾಳೆಯೂ ಮೊಟ್ಟೆ ಕೊಡುವ ಹೇಂಟೆ. ಅದರಲ್ಲಿ ಕೈ ಬಿಗಿ ಮಾಡಿದರೆ ಅಳಿಯನಿಗೆ ಅವಮಾನ, ಮಗಳು ಗಂಡನ ಮನೆಯಲ್ಲಿ ತಲೆ ತಗ್ಗಿಸಬೇಕು.

ಪಿಲ್ಯೆಗೆ ಈ ಅಳಿಯನೇ ಬೇಡವಾಗಿದ್ದ. ಗೀಹೊ ಅಂತ, ಅನಾಥಾಲಯದಲ್ಲಿ ಬೆಳೆದವನು, ಪಟ್ಟಣದ ಕೋಳಿ ಅಂಗಡಿಯಲ್ಲಿ ಕೆಲಸ. ಮದುವೆಯಲ್ಲಿ ಗಂಡಿನ ಕಡೆಯ ಸಾಲೆಲ್ಲ ಖಾಲಿ. "ಹಿಂದಿಲ್ಲ ಮುಂದಿಲ್ಲ, ಯಾರ ಮುಖ ನೋಡಿ ಹೆಣ್ಣು ಕೊಡ್ಲಿ?" ಎಂದು ಮದುವೆಯ ಮಾತುಕತೆಯ ಹೊತ್ತಿಗೇ ಕೂಗಾಡಿದ್ದಳು. ಮಗಳೇನು ಕಡಿಮೆಯೇ? "ಅವರನ್ನ ಕೀಳಾಗಿ ಕಂಡ್ರೆ ನಾನು ಮತ್ತೆ ಈ ಮನೆಗೆ ಕಾಲಿಡಲ್ಲ" ಅಂದು ಹೋಗಿದ್ದಳು.

ಆ ದಿನ ಬೆಳಿಗ್ಗೆ ಪಿಲ್ಯೆ ಕೆಂಪು ಹೇಂಟೆಯನ್ನು ಹಿಡಿದಳು. ಸುಂಚಾಂಗ್ ಊರಿಂದ ಬಂದ ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿದಳು.

"ಏನೇ, ಆ ಮುದುಕೀನ ಹಿಡ್ಕೊಂಡಿದ್ದೀಯ? ಅಳಿಯನ ಹಲ್ಲು ಕೀಳೋಕಾ?"

"ಮೊಟ್ಟೆ ಇಡೋದನ್ನ ಕೊಯ್ದು ನಾನು ಮಣ್ಣು ತಿನ್ಲಾ? ಬೆಂದ ಮೇಲೆ ಎಲ್ಲಾ ಕೋಳೀನೂ ಒಂದೇ."

"ಅವನು ಕೋಳಿ ಅಂಗಡಿಯವನು ಕಣೇ."

"ಬೇಯಿಸಿ ಮುಂದಿಡ್ತೀನಿ. ನೀನು ಬಾಯಿ ಮುಚ್ಕೊಂಡು ನಿನ್ನ ಸೊಪ್ಪು ತೊಳ್ಕೋ ಹೋಗು."

ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಬಸ್ಸು ಬೇಗ ಬಂದುಬಿಟ್ಟಿತು. ಕುತ್ತಿಗೆ ಕೊಯ್ದು ಬಿಸಿನೀರಲ್ಲಿ ಅದ್ದುತ್ತಿರುವಾಗಲೇ ಇಬ್ಬರೂ ಬಾಗಿಲಲ್ಲಿ. ಗೀಹೊ ನೆಲಕ್ಕೆ ಬಾಗಿ ನಮಸ್ಕಾರ ಮಾಡಿದ, ಅಂಗಿಯ ತೋಳು ಮಡಚಿದ.

"ಕೊಡಿ ಅತ್ತೆ. ಇದು ನನ್ನ ದಿನದ ಕೆಲ್ಸ."

ಬೇಡ ಅನ್ನುವುದರೊಳಗೆ ಬೋಗುಣಿ ಅವನ ಮುಂದಿತ್ತು. ಯೋನ್‌ಸಿಮ್ ಬಟ್ಟೆ ಬದಲಿಸಲು ಒಳಗೆ ಹೋದಳು. ಪಿಲ್ಯೆ ಅಲ್ಲೇ ನಿಂತು ನೋಡಿದಳು. ಹಳೆಯ ಗರಿಯ ಕೆಳಗೆ ಹೊಸ ಗರಿಯ ಮೊಳಕೆಗಳು. ಕಾಲಂತೂ ಅರಿಸಿನದಷ್ಟು ಹಳದಿ. ಮೊಟ್ಟೆಯಿಡುವ ಹೇಂಟೆಯ ಕಾಲಿನ ಬಣ್ಣ ಮೊಟ್ಟೆಗೇ ಹೋಗಿ ಕಾಲು ಬೆಳ್ಳಗಾಗುತ್ತದೆ, ಇಡುವುದು ನಿಂತಾಗ ಹಳದಿ ತಿರುಗಿ ಬರುತ್ತದೆ. ಕೋಳಿ ಸಾಕಿದವರಿಗೆಲ್ಲ ಗೊತ್ತಿರುವ ಮಾತು. ಗೀಹೊ ಆ ಕಾಲನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿದ. ಹೊಟ್ಟೆ ಸೀಳಿದ. ಒಳಗೆ ಒಂದು ಕಾಳಿನಷ್ಟೂ ಮೊಟ್ಟೆಯಿಲ್ಲ. ತಲೆಯೆತ್ತದೆ ತೊಳೆದು ಕೊಟ್ಟ.

ಕಂಡುಹಿಡಿದುಬಿಟ್ಟ, ಅಂದುಕೊಂಡಳು ಪಿಲ್ಯೆ. ಇವನು ಹೆಂಡತಿಗೆ ಒಂದು ಮಾತು ಅಂದರೆ ಸಾಕು, ಮಗಳು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹಾಳಾದ ಬುದ್ಧಿ, ಹಾಳಾದ ಬುದ್ಧಿ ಎಂದು ತನ್ನನ್ನೇ ಬೈದುಕೊಂಡಳು.

ಬೆಳ್ಳುಳ್ಳಿ, ಶುಂಠಿ, ಅಂಟಕ್ಕಿ ಹಾಕಿ ಸಂಜೆಯವರೆಗೆ ಬೇಯಿಸಿದಳು. ಮುದಿ ಕೋಳಿ ಮಣಿಯುತ್ತದೆಯೇ? ಯೋನ್‌ಸಿಮ್ ಅಗಿದಳು, ಅಗಿದಳು, ಊಟದ ಕಡ್ಡಿಗಳನ್ನು ಕೆಳಗಿಟ್ಟಳು. ಅವಳ ಮುಖ ಕೆಂಪಾಗಿತ್ತು.

"ಅಮ್ಮ, ಇದು ಮೊಟ್ಟೆ ಇಡೋ ಹೇಂಟೆನಾ? ನಿಜ ಹೇಳು."

ಪಿಲ್ಯೆ ಸೌಟು ಹಿಡಿದು ಪಾತ್ರೆಯ ಕಡೆ ತಿರುಗಿದಳು.

"ಇನ್ನೇನು ಮತ್ತೆ?" ಗೀಹೊ ಸೂಪು ಹೀರುತ್ತ ಅಂದ. "ಹೊಟ್ಟೆ ಸೀಳಿದವನು ನಾನು. ಗೊಂಚಲು ಗೊಂಚಲು ಮೊಟ್ಟೆ ಇತ್ತು. ಕೈ ಜಾರಿ ಬೂದಿಗೆ ಬಿತ್ತು. ನೀನು ಬೈತೀಯ ಅಂತ ಹೇಳ್ಲಿಲ್ಲ."

"ನಿಮ್ಮ ಕೈ ಜಾರೋದಾ?"

"ಹೊಸ ಅಳಿಯ ಅಲ್ವ, ಅತ್ತೆ ಮುಂದೆ ನಡುಗ್ತು."

ಯೋನ್‌ಸಿಮ್ ನಕ್ಕಳು, ಮತ್ತೆ ಕಡ್ಡಿ ತೆಗೆದುಕೊಂಡಳು. ಗೀಹೊ ಹಗ್ಗದಂಥ ಆ ಮಾಂಸವನ್ನು ಮೂಳೆ ಬಿಡದೆ ಚೀಪಿ, ಇನ್ನೊಂದು ಸೌಟು ಎಂದು ಬಟ್ಟಲು ಚಾಚಿದ. ಬಡಿಸುವಾಗ ಪಿಲ್ಯೆ ಅವನ ಮುಖ ನೋಡಲಾರದೆ ಹೋದಳು. ಮಗಳು ಒಳ್ಳೆಯವನ ಕೈ ಹಿಡಿದಿದ್ದಾಳೆ ಎಂದು ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ಬೆಳಿಗ್ಗೆ ಗೀಹೊ ಮುಖ ತೊಳೆಯಲು ಅಂಗಳಕ್ಕೆ ಬಂದಾಗ ಪಿಲ್ಯೆ ಬೋಗುಣಿಯ ಮುಂದೆ ಕೂತಿದ್ದಳು. ಅವಳ ಕೈಯಲ್ಲಿ ಕಪ್ಪು ಹೇಂಟೆ, ಮೂರರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮೊಟ್ಟೆಯಿಡುತ್ತಿದ್ದದ್ದು. ಕಾಲು ಬೆಳ್ಳಗಿತ್ತು. ಅರ್ಧ ಗರಿ ಆಗಲೇ ಕಿತ್ತಾಗಿತ್ತು.

"ಅಯ್ಯೋ ಅತ್ತೆ, ಇದು ದಿನಾ ಮೊಟ್ಟೆ ಇಡೋದಲ್ವ? ನಿನ್ನೆ ತಾನೇ ಹೊಟ್ಟೆ ತುಂಬ ತಿಂದ್ನಲ್ಲ."

"ನಿನ್ನೆದು ಮನೆಗೆ ಬಂದ ನೆಂಟನಿಗೆ," ಪಿಲ್ಯೆ ಗರಿ ಕೀಳುತ್ತಲೇ ಅಂದಳು. "ಇದು ನನ್ನ ಅಳಿಯನಿಗೆ. ಕೂತ್ಕೋ, ಆ ರೆಕ್ಕೆ ಕಡೆಯಿಂದ ನೀನು ಕೀಳು."