ಇಳೀರಿ ಎಂದವಳು ನಾನು

ಬೆಳಿಗ್ಗೆ ಹನ್ನೊಂದೂ ನಲವತ್ತು. ಕಾಲೇಜಿನ ಹಿಂದಿದ್ದ ಗೋಬರ್ ಗ್ಯಾಸ್ ತೊಟ್ಟಿಯ ಮುಚ್ಚಳ ತೆಗೆಸಿ, ಬಗ್ಗಿ ಮೂಸಿ, ಮಾಲಿ ಕಾಕಾಗೆ ಹೇಳಿದೆ: "ವಾಸನೀನ ಇಲ್ಲ ಕಾಕಾ. ಇಳೀರಿ, ಏನೂ ಆಗೂದಿಲ್ಲ."

ಕೊಂಢವಾ ಎಂಬ ಮರಾಠಿ ಬಡಾವಣೆಯ ಆ ಕಾಲೇಜಿನಲ್ಲಿ ನಾನು ಪರಿಸರ ಪಾಠ ಮಾಡುತ್ತೇನೆ. ಕ್ಯಾಂಟೀನಿನ ಮುಸುರೆಯಿಂದ ಗ್ಯಾಸ್, ಆ ಗ್ಯಾಸಿನಿಂದ ಚಹಾ: ತೊಟ್ಟಿಯೇ ನನ್ನ ದೊಡ್ಡ ಪಾಠ. ಮರುದಿನ ಹಸಿರು ಕ್ಯಾಂಪಸ್ ನೋಡಲು ಕಮಿಟಿ ಬರುವುದಿತ್ತು. ತಳದಲ್ಲಿ ರಾಡಿ ಗಟ್ಟಿಯಾಗಿ ಗ್ಯಾಸ್ ಬರುವುದು ನಿಂತಿತ್ತು. ರಿಪೇರಿಯವನು ಬಂದಿರಲಿಲ್ಲ, ರಾಡಿ ತೆಗೆಯಲು ಕಾಕಾನನ್ನು ಕರೆದಿದ್ದೆ.

ಕಾಕಾ ವಿಜಯಪುರದ ಕಡೆಯವರು. ಬಕೆಟ್ಟಿನ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತ ನಕ್ಕರು. "ನಾಳೆ ಕಮಿಟಿಯವರು ತೊಟ್ಟಿಗೆ ಹಾರ ಹಾಕತಾರ. ನನಗೇನ್ರಿ ಅಕ್ಕಾರ?"

"ನಿಮಗೂ ಒಂದು ಹಾಕಸ್ತೀನಿ," ಎಂದೆ. ಈ ಮಾತು ಈಗಲೂ ಚುಚ್ಚುತ್ತದೆ.

ಅವರು ಕೂಗಲಿಲ್ಲ. ಏಣಿ ಇಳಿದು, ದಣಿದವರ ಹಾಗೆ ರಾಡಿಯಲ್ಲಿ ಕೂತುಬಿಟ್ಟರು. "ಮ್ಯಾಡಮ್, ಮೀ ಉತರತೋ!" ಎಂದು ಮರಾಠಿಯಲ್ಲಿ ಕೂಗಿ, ತಾನೂ ಇಳಿಯಲು ಒಬ್ಬ ವಿದ್ಯಾರ್ಥಿ ಏಣಿಗೆ ಕಾಲಿಟ್ಟ. ಅವನ ಬ್ಯಾಗು ಹಿಡಿದು ಹಿಂದಕ್ಕೆ ಎಳೆದೆ. ಆಗಷ್ಟೇ ನೆನಪಾಗಿತ್ತು, ಎಂದೋ ಓದಿ ಬಿಟ್ಟದ್ದು: ಆ ಗ್ಯಾಸ್ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ನಾತ ಬಡಿದಿತ್ತು. ಸ್ವಲ್ಪದರಲ್ಲೇ ನಿಂತಿತು. ಗ್ಯಾಸ್ ಹೋಯಿತು ಅಂದುಕೊಂಡೆ. ಹೋದದ್ದು ನನ್ನ ಮೂಗು.

ಏಳೆಂಟು ಜನ ಸೇರಿ ಹಗ್ಗ ಎಳೆದೆವು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನೆನೆದಾಗಲೆಲ್ಲ ಆ ಹಗ್ಗ ಇನ್ನಷ್ಟು ಉದ್ದವಾಗುತ್ತದೆ.

ಕಾಕಾ ಉಳಿದರು. ಕೈ ಮಾತ್ರ ನಡುಗುತ್ತಿತ್ತು, ಗಿಡಗಳ ಹೆಸರು ಮರೆತಿದ್ದರು. ಕಾಲೇಜಿನ ವರದಿಯಲ್ಲಿ 'ಮಾಲಿ ಯಾರನ್ನೂ ಕೇಳದೆ ಇಳಿದ' ಎಂದಿತ್ತು. "ಸಹೀ ಕರಾ ಮ್ಯಾಡಮ್. ವಾಚ್ಲಾ ನಾ ತೋ?" ಎಂದರು ಪ್ರಾಂಶುಪಾಲರು. ಬದುಕಿದನಲ್ಲ, ಇನ್ನೇನು? ನಾನು ಸಹಿ ಹಾಕಿದೆ. ಅದೇ ಸಾಲು ತೋರಿಸಿ ಕಾಕಾನನ್ನು ಕೆಲಸದಿಂದ ತೆಗೆದರು.

ಆಮೇಲೆ ನಿದ್ದೆಯಿಲ್ಲ. ಹಾಲು, ದಿಂಬು, ನನ್ನದೇ ಅಂಗೈ, ಎಲ್ಲವನ್ನೂ ಮೂಸಿ ನೋಡುತ್ತಿದ್ದೆ. ಕ್ಲಾಸಿನಲ್ಲಿ ತೊಟ್ಟಿಯ ಪಾಠ ಬಂದರೆ ಪುಟ ತಿರುವುತ್ತಿದ್ದೆ.

ಜೂನಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದರು. "ತೊಟ್ಟಿ ಯಾಕೆ ಮುಚ್ಚಿದೆ?" ಎಂದು ಒಬ್ಬಳು ಕೇಳಿದಳು. ಕ್ಲಾಸು ಬಿಟ್ಟು ನೇರ ಕಾಕಾನ ಖೋಲಿಗೆ ಹೋದೆ. ಇಳೀರಿ ಎಂದವಳು ನಾನು, ಸುಳ್ಳಿಗೆ ಸಹಿ ಹಾಕಿದವಳೂ ನಾನೇ ಎಂದೆ.

"ಗೊತ್ತದರಿ," ಎಂದರು ಕಾಕಾ. "ಬ್ಯಾರೇದೆಲ್ಲಾ ಮರ್ತೇನಿ, ಅದೊಂದು ಮರ್ತಿಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಮಾಲಿ ಮಾತು ಯಾರು ಕೇಳ್ತಾರ? ನೀವ ಹೇಳ್ರಿ, ಅಕ್ಕಾರ. ಚಹಾ ಕುಡದು ಹೋಗ್ರಿ."

ಅರ್ಧ ಕಪ್ಪು ಅವರ ಕೈಯಿಂದಲೇ ಚೆಲ್ಲಿತು. ಉಳಿದದ್ದು ಕುಡಿದು ಕಾಲೇಜಿಗೆ ಮರಳಿದೆ. ನಡೆದದ್ದನ್ನು ನಡೆದಂತೆ ಬರೆದು ಆಫೀಸಿಗೆ ಕೊಟ್ಟೆ. ಮುಚ್ಚಿದ ತೊಟ್ಟಿಯ ಪಕ್ಕ ಹುಡುಗರನ್ನು ನಿಲ್ಲಿಸಿ ಅದನ್ನೇ ಓದಿದೆ. ಕಾಕಾಗೆ ಕೆಲಸ ಮರಳಿ ಸಿಗುವುದೋ, ನನ್ನದು ಉಳಿಯುವುದೋ, ಇನ್ನೂ ತಿಳಿದಿಲ್ಲ.

ಅಂದು ಬುಧವಾರ. ಆ ರಾತ್ರಿ ಮಲಗಿದವಳಿಗೆ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿಯುವ ತನಕ ಎಚ್ಚರವಾಗಲಿಲ್ಲ.